ಓದುಗರ ಪ್ರಶ್ನೆ: ಹಳೇ ರೇಡಿಯೋಗೆ ಎಎಂ ಟ್ರಾನ್ಸ್‌ಮಿಟರ್ ಎಷ್ಟು ವ್ಯಾಟ್‌ನದು ಬೇಕು?

ಪ್ರಶ್ನೆ: ನಮ್ಮ ತಾತನ ಕಾಲದ ವಾಲ್ವ್ ರೇಡಿಯೋ ರಿಪೇರಿ ಮಾಡಿಸಿದ್ದೇವೆ. ಮೊಬೈಲಿನ ಹಳೇ ಹಾಡು ಅದರಲ್ಲಿ ಕೇಳೋಣ ಅಂತ ಸಣ್ಣ ಎಎಂ ಟ್ರಾನ್ಸ್‌ಮಿಟರ್ ಕಟ್ಟಿದೆ. ಪಕ್ಕದ ರೂಮಿಗೆ ಹೋದರೆ ಕೇಳಿಸಲ್ಲ, ಕೇಳಿಸಿದರೂ ಸ್ವರ ಸಣ್ಣ, ಜೊತೆಗೆ ಗುಂಯ್ ಅಂತ ಹಮ್ಮು. ಎಷ್ಟು ವ್ಯಾಟ್‌ಗೆ ಏರಿಸಬೇಕು ಸಾರ್? (ತಿಪಟೂರಿನಿಂದ)

ಏರಿಸಬೇಡಿ. ಶಿರಾದಿಂದ ಬರಲಿ, ಚಿಂತಾಮಣಿಯಿಂದ ಬರಲಿ, ಪ್ರಶ್ನೆ ಕೊನೆಗೆ ಬಂದು ನಿಲ್ಲುವುದು ಈ ವ್ಯಾಟ್‌ನ ಹತ್ತಿರವೇ. ದೂರ ಹೋಗಲ್ಲ, ಸ್ವರ ಸಣ್ಣ, ಹಮ್ಮು: ಕಾಯಿಲೆ ಮೂರು, ಎಲ್ಲಕ್ಕೂ ‘ದೊಡ್ಡ ಟ್ರಾನ್ಸಿಸ್ಟರ್ ಹಾಕಿ’ ಅನ್ನುವ ಒಂದೇ ಮಾತ್ರೆ. ಮೂರರಲ್ಲಿ ಒಂದೂ ಅದರಿಂದ ವಾಸಿಯಾಗುವುದಿಲ್ಲ. ಯಾಕೆ ಅಂತ ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಮೊದಲು ದೂರ. ಕೆಳಗೆ ಹೇಳುವ ಸರ್ಕ್ಯೂಟ್ 1152 ಕಿಲೋಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ಅದರ ತರಂಗದ ಉದ್ದ 260 ಮೀಟರ್. ಅದನ್ನು 6.28ರಿಂದ ಭಾಗಿಸಿದರೆ 41 ಮೀಟರ್ ಬರುತ್ತದೆ, ‘ಹತ್ತಿರದ ಕ್ಷೇತ್ರ’ದ ಗಡಿ ಅದು. ನಿಮ್ಮ ಮನೆ, ಹಿತ್ತಲು, ಪಕ್ಕದವರ ಜಗಲಿ ಎಲ್ಲ ಆ 41 ಮೀಟರಿನ ಒಳಗೇ ಇವೆ. ಅಷ್ಟು ಹತ್ತಿರದಲ್ಲಿ ರೇಡಿಯೋ ಹಿಡಿಯುವುದು ಹೊರಟುಹೋಗುವ ತರಂಗವನ್ನಲ್ಲ, ಕಾಯಿಲಿನ ಸುತ್ತಲೇ ಕಟ್ಟಿಕೊಂಡಿರುವ ಕ್ಷೇತ್ರವನ್ನು. ಈ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 5 ಮೀಟರ್ ಇದ್ದದ್ದು 10 ಮೀಟರ್ ಆದರೆ ಬಲ ಎಂಟರಲ್ಲೊಂದು ಪಾಲು. ಆ ನಷ್ಟವನ್ನು ಪವರ್‌ನಿಂದ ತುಂಬಬೇಕಾದರೆ ಎಂಟರ ವರ್ಗ, ಅಂದರೆ 64 ಪಟ್ಟು ಬೇಕು. ನಮ್ಮ ಸರ್ಕ್ಯೂಟಿನ 50 ಮಿಲಿವ್ಯಾಟ್ ಈಗ 3.2 ವ್ಯಾಟ್ ಆಯಿತು, ಹೀಟ್‌ಸಿಂಕ್ ಬಂತು. 20 ಮೀಟರ್ ಬೇಕೇ? ಇನ್ನೊಂದು 64 ಪಟ್ಟು, 205 ವ್ಯಾಟ್. ಹಜಾರದಿಂದ ಕೊಟ್ಟಿಗೆಗೆ ಹಾಡು ಕೇಳಿಸಲು ಇನ್ನೂರು ವ್ಯಾಟ್! ಅದರ ಬದಲು ಟ್ರಾನ್ಸ್‌ಮಿಟರನ್ನು ಮೇಜಿನಿಂದ ಎತ್ತಿ ರೇಡಿಯೋ ಹತ್ತಿರದ ಗೂಡಿನಲ್ಲಿಟ್ಟರೆ ಖರ್ಚು ಸೊನ್ನೆ.

‘ವೈರ್ ಉದ್ದ ಮಾಡಿದರೆ ತರಂಗವಾಗಿ ಹೊರಡುತ್ತದಲ್ಲ?’ ಅನ್ನುತ್ತೀರಿ. ಹೊರಡುತ್ತದೆ, ಚಿಟಿಕೆಯಷ್ಟು. ಈ ಫ್ರೀಕ್ವೆನ್ಸಿಯಲ್ಲಿ 3 ಮೀಟರ್ ವೈರಿನ ವಿಕಿರಣ ರೆಸಿಸ್ಟೆನ್ಸ್ (ತರಂಗವಾಗಿ ಹೊರಡುವ ಪಾಲಿನ ಲೆಕ್ಕ) ಸುಮಾರು 0.05 ಓಮ್. ಕಾಯಿಲು, ಗೋಡೆ, ನೆಲ ಸೇರಿ ನುಂಗುವುದು ಹತ್ತಾರು ಓಮ್. ಮಧುಗಿರಿ, ಪಾವಗಡದ ಕಡೆಯ ಒಣ ಬಂಡೆನೆಲದಲ್ಲಿ ಅರ್ತ್ ಇನ್ನೂ ಕಳಪೆ. ಕೊಟ್ಟ ಪವರ್‌ನಲ್ಲಿ ಸಾವಿರಕ್ಕೆ ಒಂದೆರಡು ಪಾಲು ಗಾಳಿಗೆ ಹೋಗುತ್ತದೆ, ಮಿಕ್ಕಿದ್ದೆಲ್ಲ ಬಿಸಿ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್‌ಗೆ ಕಾಲು ತರಂಗ ಅಂದರೇ 122 ಮೀಟರ್. ಮೀಡಿಯಂ ವೇವ್ ಗೋಪುರಗಳು ಅಷ್ಟೆತ್ತರ ಇರುವುದು ಚೆಂದಕ್ಕಲ್ಲ.

ಇನ್ನು ಸ್ವರ. ಎಎಂನಲ್ಲಿ ಸ್ವರದ ಗಾತ್ರ ಕ್ಯಾರಿಯರ್‌ನ (ಹಾಡನ್ನು ಹೊರುವ ತರಂಗದ) ಬಲದಲ್ಲಿಲ್ಲ, ಮಾಡ್ಯುಲೇಷನ್ (ಹಾಡು ಆ ತರಂಗವನ್ನು ಏರಿಳಿಸುವುದು) ಎಷ್ಟು ಆಳ ಇದೆ ಅನ್ನುವುದರಲ್ಲಿದೆ. ವಾಲ್ವ್ ರೇಡಿಯೋದೊಳಗಿನ ಎವಿಸಿ (ಗೇನನ್ನು ತಾನಾಗಿಯೇ ಏರಿಳಿಸುವ ಸರ್ಕ್ಯೂಟ್) ಬಲವಾದ ಸ್ಟೇಷನ್ನನ್ನೂ ದುರ್ಬಲ ಸ್ಟೇಷನ್ನನ್ನೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ತರುತ್ತದೆ. ಕ್ಯಾರಿಯರ್ ಹತ್ತುಪಟ್ಟು ಮಾಡಿ ಮಾಡ್ಯುಲೇಷನ್ 20 ಪರ್ಸೆಂಟ್‌ನಲ್ಲೇ ಬಿಟ್ಟರೆ, ಎವಿಸಿ ಗೇನ್ ಇನ್ನಷ್ಟು ಇಳಿಸುತ್ತದೆ, ಹಾಡು ಇದ್ದಷ್ಟೇ ಸಣ್ಣಗಿರುತ್ತದೆ. ಗಾಡಿಗೆ ಎತ್ತು ಹೆಚ್ಚಿಸಿದರೆ ಹೇರು ಹೆಚ್ಚಿದ ಹಾಗಲ್ಲ. ಮಾಡ್ಯುಲೇಷನ್ 80, 90 ಪರ್ಸೆಂಟ್ ಮುಟ್ಟಬೇಕು, ದಾಟಬಾರದು. ದಾಟಿದರೆ ಹಾಡು ಒಡೆಯುತ್ತದೆ, ಡಯಲ್‌ನ ಅಕ್ಕಪಕ್ಕಕ್ಕೂ ಚೆಲ್ಲುತ್ತದೆ.

ಹಮ್ಮಿಗಂತೂ ವ್ಯಾಟ್ ಇನ್ನಷ್ಟು ಗೊಬ್ಬರ. ಒಂದು ಪರೀಕ್ಷೆ ಮಾಡಿ. ರೇಡಿಯೋ ಮುಳ್ಳನ್ನು ಪಕ್ಕಕ್ಕೆ ತಿರುಗಿಸಿ. ಹಮ್ಮು ಹಾಗೇ ಇದ್ದರೆ ದೋಷ ರೇಡಿಯೋದ ಫಿಲ್ಟರ್ ಕಂಡೆನ್ಸರಿನದು. ನಿಮ್ಮ ಸ್ಟೇಷನ್ ಮೇಲೆ ಬಂದಾಗ ಮಾತ್ರ ಗುಂಯ್ ಅಂದರೆ ಟ್ರಾನ್ಸ್‌ಮಿಟರಿನ ಪವರ್ ಸಪ್ಲೈನದು. ಮನೆಯ ವೈರಿಂಗೇ ನಿಮ್ಮ ಆ್ಯಂಟೆನಾದ ಭಾಗವಾಗುತ್ತದೆ, ಪವರ್ ಸಪ್ಲೈನಲ್ಲಿ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ಡಯೋಡ್‌ಗಳು ಸೆಕೆಂಡಿಗೆ ನೂರು ಸಲ ಅದನ್ನು ಕೂಡಿಸಿ ಕಳಚುತ್ತವೆ. ಒಂದೊಂದು ಡಯೋಡಿಗೂ ಅಡ್ಡಲಾಗಿ 10 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಬೆಸೆಯಿರಿ, ಸಾಮಾನ್ಯವಾಗಿ ಅಲ್ಲಿಗೆ ನಿಲ್ಲುತ್ತದೆ. ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದ್ದರೆ ಅದನ್ನೂ ಕಿತ್ತು ನೋಡಿ.

ಸರಿ, ಕಟ್ಟುವುದಕ್ಕೆ ಬರೋಣ. ಸಾಮಾನೆಲ್ಲ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಹುಡುಕಿ. 74ಎಚ್‌ಸಿ4060 ಐಸಿ, 18.432 ಮೆಗಾಹರ್ಟ್ಸ್ ಕ್ರಿಸ್ಟಲ್, ಎಲ್‌ಎಂ386, ಬಿಸಿ547, 7809 ಮತ್ತು 78ಎಲ್‌05 ರೆಗ್ಯುಲೇಟರ್, 12 ವೋಲ್ಟ್ 250 ಮಿಲಿಆಂಪ್ ಟ್ರಾನ್ಸ್‌ಫಾರ್ಮರ್. ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೋ ಒಂದಿದ್ದರೆ ಅದರ ಫೆರೈಟ್ ರಾಡ್, ಮೀಡಿಯಂ ವೇವ್ ಕಾಯಿಲು, ಗ್ಯಾಂಗ್ (ತಿರುಗಿಸುವ ಟ್ಯೂನಿಂಗ್ ಕಂಡೆನ್ಸರ್) ಮೂರೂ ಸಿಕ್ಕಿದ ಹಾಗೆ. ಕ್ರಿಸ್ಟಲ್ ಅದೇ ಯಾಕೆ? 18.432ನ್ನು 16ರಿಂದ ಭಾಗಿಸಿದರೆ ಸರಿಯಾಗಿ 1152. ನಮ್ಮ ಭಾಗದ ಸ್ಟೇಷನ್‌ಗಳೆಲ್ಲ 9 ಕಿಲೋಹರ್ಟ್ಸ್ ಮೆಟ್ಟಿಲಿನ ಮೇಲೆ ಕೂತಿವೆ, 1152 ಆ ಮೆಟ್ಟಿಲಿನದೇ. ಸುಲಭವಾಗಿ ಸಿಗುವ 16 ಮೆಗಾಹರ್ಟ್ಸ್ ಹಾಕಿದರೆ 1000 ಬರುತ್ತದೆ. ಆಗ ರಾತ್ರಿ ಹೊತ್ತು 999ರ ದೂರದ ಸ್ಟೇಷನ್ ನುಸುಳಿದರೆ ಹಾಡಿನ ಜೊತೆ ಕುಯ್ಯೆನ್ನುವ ಸಿಳ್ಳೆ ಉಚಿತ. ಡಯಲ್ ಮೀಟರಿನಲ್ಲಿದ್ದರೆ 260ರ ಹತ್ತಿರ ಹುಡುಕಿ.

4060ರ ಪಿನ್ 16ಕ್ಕೆ 5 ವೋಲ್ಟ್, 8 ಮತ್ತು 12 ಗ್ರೌಂಡಿಗೆ, 16 ಮತ್ತು 8ರ ನಡುವೆ ಪಿನ್ನಿಗೆ ಅಂಟಿದಂತೆ 100 ನ್ಯಾನೋಫ್ಯಾರಡ್. ಕ್ರಿಸ್ಟಲ್ 10 ಮತ್ತು 11ರ ನಡುವೆ, ಅದಕ್ಕೆ ಅಡ್ಡ 1 ಮೆಗಾಓಮ್, ಎರಡೂ ಕಾಲಿನಿಂದ ಗ್ರೌಂಡಿಗೆ 22 ಪಿಕೋಫ್ಯಾರಡ್. ಔಟ್‌ಪುಟ್ ಪಿನ್ 7. ಅಂಗಡಿಯವರು ‘ಎರಡೂ ಒಂದೇ’ ಅಂತ ಸಿಡಿ4060 ಕೊಟ್ಟರೆ ವಾಪಸ್ ಕೊಡಿ, ಅದು 5 ವೋಲ್ಟಿನಲ್ಲಿ ಈ ವೇಗಕ್ಕೆ ಓಡುವುದಿಲ್ಲ. ಪಿನ್ 7ರಿಂದ 4.7 ಕಿಲೋಓಮ್ ಮೂಲಕ ಬಿಸಿ547ರ ಬೇಸ್, ಎಮಿಟರ್ ಗ್ರೌಂಡಿಗೆ.

ಮಾಡ್ಯುಲೇಟರ್ ಎಲ್‌ಎಂ386. ಇದರ ಪಿನ್ 6ಕ್ಕೆ 9 ವೋಲ್ಟ್ ಕೊಟ್ಟರೆ ಪಿನ್ 5 ತಾನಾಗಿಯೇ ಅದರ ಅರ್ಧಕ್ಕೆ, 4.5 ವೋಲ್ಟಿಗೆ ನಿಲ್ಲುತ್ತದೆ. ಹಾಡು ಬಂದಾಗ ಅಲ್ಲಿಂದ ಮೇಲಕ್ಕೂ ಕೆಳಕ್ಕೂ ತೂಗುತ್ತದೆ. ಅದನ್ನೇ ಟ್ರಾನ್ಸಿಸ್ಟರಿಗೆ ಸಪ್ಲೈಯಾಗಿ ಕೊಡುವುದು. ಹಾಗಾಗಿ ಸ್ಪೀಕರಿಗೆ ಹಾಕುವ ಹಾಗೆ ಇಲ್ಲಿ ಪಿನ್ 5ಕ್ಕೆ ಸರಣಿಯಲ್ಲಿ ಎಲೆಕ್ಟ್ರೋಲಿಟಿಕ್ ಹಾಕಬಾರದು. ಕೈ ಅಭ್ಯಾಸದಿಂದ ಹಾಕಿಬಿಟ್ಟು ‘ಡೆಡ್’ ಅನ್ನುವವರೇ ಹೆಚ್ಚು. ಪಿನ್ 5ರಿಂದ ಗ್ರೌಂಡಿಗೆ 10 ಓಮ್ ಮತ್ತು 47 ನ್ಯಾನೋಫ್ಯಾರಡ್ ಸರಣಿಯಲ್ಲಿ ಇರಲಿ. ಪಿನ್ 2 ಮತ್ತು 4 ಗ್ರೌಂಡಿಗೆ, 1 ಮತ್ತು 8 ಖಾಲಿ. ಮೊಬೈಲಿನ ಎಡ, ಬಲ ಎರಡನ್ನೂ ಒಂದೊಂದು 1 ಕಿಲೋಓಮ್ ಮೂಲಕ ಸೇರಿಸಿ 10 ಕಿಲೋಓಮ್ ವಾಲ್ಯೂಮ್‌ಗೆ ಕೊಡಿ, ಅದರ ನಡುಗಾಲು ಪಿನ್ 3ಕ್ಕೆ.

ಫೆರೈಟ್ ಕಾಯಿಲಿನಲ್ಲಿ ಎರಡು ಸುತ್ತುಗಳಿರುತ್ತವೆ. ದೊಡ್ಡದಕ್ಕೆ ಅಡ್ಡಲಾಗಿ ಗ್ಯಾಂಗ್. ಚಿಕ್ಕದು ಸುಮಾರು ಎಂಟು ಸುತ್ತಿನದು, ಇಲ್ಲದಿದ್ದರೆ ನೀವೇ ಸುತ್ತಿ. ಎಲ್‌ಎಂ386ರ ಪಿನ್ 5ರಿಂದ 220 ಓಮ್, ಅಲ್ಲಿಂದ ಚಿಕ್ಕ ಸುತ್ತು, ಅಲ್ಲಿಂದ ಬಿಸಿ547ರ ಕಲೆಕ್ಟರ್. ಮುಗಿಯಿತು. ಆ 220 ಓಮ್ ಇರುವ ತನಕ ಈ ಹಂತ ಹಾಡಿಲ್ಲದಾಗ ಎಳೆಯುವುದು 50 ಮಿಲಿವ್ಯಾಟ್‌ನ ಒಳಗೇ.

ಪಕ್ಕದಲ್ಲಿ ಒಂದು ಪಾಕೆಟ್ ರೇಡಿಯೋ ಇಟ್ಟು, ಪ್ಲಾಸ್ಟಿಕ್ ಕಡ್ಡಿಯಿಂದ ಗ್ಯಾಂಗ್ ತಿರುಗಿಸಿ. ಒಂದು ಕಡೆ ಸಿಗ್ನಲ್ ತಟ್ಟನೆ ಏರುತ್ತದೆ. ಗ್ಯಾಂಗ್ ಪೂರ್ತಿ ತೆರೆದಾಗಲೇ ಹೆಚ್ಚಿದ್ದರೆ ಕಾಯಿಲನ್ನು ರಾಡಿನ ತುದಿಗೆ ಸರಿಸಿ. ಪೂರ್ತಿ ಮುಚ್ಚಿದಾಗ ಹೆಚ್ಚಿದ್ದರೆ 22 ಅಥವಾ 33 ಪಿಕೋಫ್ಯಾರಡ್ ಸಮಾಂತರ ಸೇರಿಸಿ. ಈ ಟ್ಯೂನಿಂಗ್ ತಪ್ಪಿದ ಟ್ರಾನ್ಸ್‌ಮಿಟರ್‌ಗಳೇ ‘ಪವರ್ ಸಾಲದು’ ಅನ್ನಿಸಿಕೊಳ್ಳುವುದು. ಆಮೇಲೆ ವಾಲ್ಯೂಮ್ ಏರಿಸಿ, ಹಾಡಿನ ಜೋರಾದ ಜಾಗದಲ್ಲಿ ಒಡೆದಾಗ ಸ್ವಲ್ಪ ಇಳಿಸಿ ಬಿಡಿ. ಕರೆಂಟ್ ಹೋದಾಗ 9 ವೋಲ್ಟ್ ಬ್ಯಾಟರಿಯಲ್ಲಿ ಒಮ್ಮೆ ಓಡಿಸಿ ನೋಡಿ. ಪಾಕೆಟ್ ರೇಡಿಯೋದಲ್ಲಿ ಆಗ ಸ್ವಚ್ಛವಾಗಿ ಕೇಳಿಸಿದರೆ ಕಳ್ಳ ನಿಮ್ಮ ಎಲ್‌ಇಡಿ ಬಲ್ಬು, ಟ್ರಾನ್ಸ್‌ಮಿಟರಲ್ಲ.

ತೀರಾ ಹಳೆಯ ಸೆಟ್‌ಗಳೊಳಗೆ ಫೆರೈಟ್ ರಾಡ್ ಇರುವುದಿಲ್ಲ, ಹಿಂದೆ ‘ಎ’ (ಏರಿಯಲ್) ಮತ್ತು ‘ಇ’ (ಅರ್ತ್) ಅಂತ ತೂತುಗಳಿರುತ್ತವೆ. ‘ಎ’ಗೆ ಒಂದೆರಡು ಮೀಟರ್ ಇನ್ಸುಲೇಟೆಡ್ ವೈರ್ ಸಿಕ್ಕಿಸಿ ಟ್ರಾನ್ಸ್‌ಮಿಟರಿನ ರಾಡಿನ ಪಕ್ಕ ಹಾಯಿಸಿ. ಮುಟ್ಟಿಸಬೇಡಿ, ಬೆಸೆಯಬೇಡಿ.

ಕಾನೂನಿನ ಮಾತು ಎರಡೇ ಸಾಲು. ‘100 ಮಿಲಿವ್ಯಾಟ್, ಹತ್ತಡಿ ವೈರಿಗೆ ಲೈಸೆನ್ಸ್ ಬೇಡ’ ಅನ್ನುವುದು ಅಮೆರಿಕದ ಎಫ್‌ಸಿಸಿ ನಿಯಮ, ಇಲ್ಲಿಗೆ ಅನ್ವಯಿಸುವುದಿಲ್ಲ. ಪ್ರಸಾರಕ್ಕೆ ಪರವಾನಗಿ ಬೇಕು, ಹ್ಯಾಮ್ ಲೈಸೆನ್ಸ್ ಇದ್ದರೂ ಮೀಡಿಯಂ ವೇವ್‌ನಲ್ಲಿ ಹಾಡು ಹಾಕುವಂತಿಲ್ಲ. ಆದ್ದರಿಂದ ಸಿಗ್ನಲ್ ರೇಡಿಯೋ ಇರುವ ಮೇಜು ದಾಟದಿರಲಿ, ಮಹಡಿ ಮೇಲೆ ವೈರ್ ಕಟ್ಟಬೇಡಿ. ಊರಿಗೇ ಕೇಳಿಸಬೇಕು ಅನ್ನುವವರು ಕೋಲಾರ ಜಿಲ್ಲೆ ಬೂದಿಕೋಟೆಯ ‘ನಮ್ಮ ಧ್ವನಿ’ ಸಮುದಾಯ ರೇಡಿಯೋವನ್ನು ನೆನೆಯಿರಿ: 2000ರ ದಶಕದ ಆರಂಭದಲ್ಲಿ ಅವರು ಗಾಳಿಯ ಬದಲು ಕೇಬಲ್ ಟಿವಿ ತಂತಿಯಲ್ಲೇ ಮನೆಮನೆಗೆ ಧ್ವನಿ ಕಳಿಸಿದರು.

ಇಷ್ಟೆಲ್ಲ ಯಾಕೆ, ರೇಡಿಯೋ ಹಿಂದೆ ಗ್ರಾಮಫೋನಿಗಿರುವ ‘ಪಿಯು’ ಸಾಕೆಟ್ಟಿಗೆ ಮೊಬೈಲನ್ನೇ ಸಿಕ್ಕಿಸಿದರಾಗದೇ ಅಂತ ಯಾರೂ ಕೇಳುತ್ತಿಲ್ಲ. ಕೇಳದೆ ಸಿಕ್ಕಿಸುತ್ತಿದ್ದಾರೆ, ಭಯ ಅದೇ. ಎಸಿ/ಡಿಸಿ ಮಾದರಿಯ ಸೆಟ್‌ಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರೇ ಇಲ್ಲ. ವಾಲ್ವಿನ ಹೆಸರು ‘ಯು’ದಿಂದ ಶುರುವಾಗಿದ್ದರೆ, ಯುಸಿಎಚ್, ಯುಬಿಎಫ್, ಯುಎಲ್ ಅಂತಿದ್ದರೆ, ಫಿಲಮೆಂಟ್‌ಗಳು ಸಾಲಾಗಿ ನೇರ ಮೇನ್ಸ್‌ಗೆ, ಚಾಸಿಯೂ (ಒಳಗಿನ ಲೋಹದ ಚೌಕಟ್ಟು) ಮೇನ್ಸ್‌ನ ಒಂದು ತಂತಿಗೆ. ಎರಡು ಪಿನ್ನಿನ ಪ್ಲಗ್ ತಿರುಗುಮುರುಗಾಗಿ ಹೊಕ್ಕರೆ ಚಾಸಿಯ ಮೇಲೆ 230 ವೋಲ್ಟ್, ಪಿಯು ಸಾಕೆಟ್ಟಿನ ಮೇಲೂ, ನಿಮ್ಮ ಕೈಯ ಮೊಬೈಲಿನ ಮೇಲೂ. ‘ಇ’ ವಾಲ್ವ್ ಇದ್ದ ಮಾತ್ರಕ್ಕೆ ನಿಶ್ಚಿಂತೆ ಅಲ್ಲ, ಆಟೋ ಟ್ರಾನ್ಸ್‌ಫಾರ್ಮರ್ ಹಾಕಿದ ಸೆಟ್‌ಗಳೂ ಇವೆ. ಪ್ಲಗ್ ಕಿತ್ತು, ರೇಡಿಯೋ ಸ್ವಿಚ್ ಆನ್ ಮಾಡಿ, ಪ್ಲಗ್‌ನ ಒಂದೊಂದು ಪಿನ್ನಿಂದಲೂ ಚಾಸಿಗೆ ಮಲ್ಟಿಮೀಟರಿನಲ್ಲಿ ಓಮ್ ನೋಡಿ. ಮುಳ್ಳು ಅಲುಗದಿದ್ದರೆ ಟ್ರಾನ್ಸ್‌ಫಾರ್ಮರ್ ಬೇರ್ಪಡಿಸಿದೆ. ಅಲುಗಿದರೆ ಪಿಯು ಸಾಕೆಟ್ಟಿನ ತಂಟೆಗೆ ಹೋಗಬೇಡಿ, ಟ್ರಾನ್ಸ್‌ಮಿಟರೇ ಕಟ್ಟಿ. ಆ ಸೆಟ್ಟಿನ ಗುಂಡಿಗಳೊಳಗಿನ ಸ್ಕ್ರೂ ಮೇಲೆ ಮೇಣ ತುಂಬಿರುವುದನ್ನೂ ‘ಕೊಳೆ’ ಅಂತ ಕೆರೆದು ತೆಗೆಯಬೇಡಿ. ಚಾಸಿಯ ಕರೆಂಟು ಬೆರಳಿಗೆ ತಾಗದಿರಲಿ ಅಂತಲೇ ಫ್ಯಾಕ್ಟರಿಯಲ್ಲಿ ಅದನ್ನು ತುಂಬಿರುವುದು. ಉದುರಿದ್ದರೆ ಮೇಣದಬತ್ತಿ ಕರಗಿಸಿ ಮತ್ತೆ ತುಂಬಿ.