ಮಳೆಗಾಲದ ಬೆಳಕು ನೆತ್ತಿಯ ಮೇಲಿನಿಂದ ಬರುತ್ತದೆ

ಮಲೆನಾಡು, ಕರಾವಳಿಯಲ್ಲಿ ಮನೆಗಳ ನಕ್ಷೆ ಮಾಡುವ ನನಗೆ ಪ್ರತಿ ಮಳೆಗಾಲವೂ ಕೇಳಿಬರುವ ದೂರು ಒಂದೇ: "ಇಷ್ಟು ದೊಡ್ಡ ಕಿಟಕಿ ಇಡಿಸಿದರೂ ಜುಲೈನಲ್ಲಿ ಹಗಲೇ ದೀಪ ಹಾಕಬೇಕು." ಕಿಟಕಿಯನ್ನು ಇನ್ನಷ್ಟು ಅಗಲಿಸಿದರೆ ಸರಿಹೋದೀತೇ ಎಂದು ವಿಚಾರಿಸುತ್ತಾರೆ. ಬಹುಪಾಲು ಮನೆಗಳಲ್ಲಿ ಸರಿಹೋಗುವುದಿಲ್ಲ. ಮೋಡ ಕವಿದಾಗ ಬೆಳಕು ಕಡಿಮೆಯಾಗುವುದು ಎಲ್ಲರಿಗೂ ಗೊತ್ತು. ಅದು ಆಕಾಶದಲ್ಲಿ ಹಂಚಿಹೋಗುವ ಕ್ರಮವೇ ತಲೆಕೆಳಗಾಗುವುದನ್ನು ಹೆಚ್ಚಿನವರು ಗಮನಿಸಿರುವುದಿಲ್ಲ.

ನಿರಭ್ರ ಆಕಾಶದಲ್ಲಿ ಸೂರ್ಯನ ಸುತ್ತಲಿನ ಭಾಗ ಅತಿ ಪ್ರಖರ. ದಿಗಂತದ ಅಂಚೂ ಬೆಳ್ಳಗೆ ಹೊಳೆಯುತ್ತದೆ. ಸೂರ್ಯನಿಂದ ಸುಮಾರು 90 ಡಿಗ್ರಿ ದೂರದ ಕಡುನೀಲಿಯೇ ಎಲ್ಲಕ್ಕಿಂತ ಮಂದ. ದಟ್ಟ ಮೋಡ ಒಂದೇ ಸಮನೆ ಹಬ್ಬಿತೆಂದರೆ ಸೂರ್ಯ ಯಾವ ಕಡೆ ಇದ್ದಾನೆಂಬುದೇ ತಿಳಿಯದು. ಹನಿಯಿಂದ ಹನಿಗೆ ಚದುರುತ್ತಾ ಬೆಳಕು ತನ್ನ ದಿಕ್ಕನ್ನು ಕಳೆದುಕೊಳ್ಳುತ್ತದೆ. ನೇರ ಕೆಳಗಿಳಿಯುವ ಬೆಳಕಿಗೆ ಮೋಡದೊಳಗಿನ ದಾರಿ ಚಿಕ್ಕದು, ಓರೆಯಾಗಿ ಬರುವುದಕ್ಕೆ ಉದ್ದ. ಹಾಗಾಗಿ ನಡುನೆತ್ತಿಯ ಆಕಾಶ ದಿಗಂತಕ್ಕಿಂತ ಸುಮಾರು ಮೂರು ಪಟ್ಟು ಪ್ರಖರವಾಗಿರುತ್ತದೆ. 1942ರಲ್ಲಿ ಮೂನ್ ಮತ್ತು ಸ್ಪೆನ್ಸರ್ ಎಂಬ ಸಂಶೋಧಕರು ಇದಕ್ಕೆ ಕೊಟ್ಟ ಸರಳ ಸೂತ್ರವನ್ನೇ ಬೆಳಕಿನ ಅಂತರರಾಷ್ಟ್ರೀಯ ಆಯೋಗವು 1955ರಲ್ಲಿ ಮಾನದಂಡವಾಗಿ ಒಪ್ಪಿಕೊಂಡಿತು.

ಇದರ ಪರಿಣಾಮವನ್ನು ಅಂಗಳದಲ್ಲೇ ಅಳೆಯಬಹುದು. ಮೋಡ ಮುಸುಕಿದ ಮಧ್ಯಾಹ್ನ, ಬೆಳಕು ಅಳೆಯುವ ಲಕ್ಸ್ ಮೀಟರನ್ನು ಆಕಾಶಕ್ಕೆ ಮುಖಮಾಡಿ ಮಲಗಿಸಿದಾಗ 10,000 ತೋರಿಸಿತೆನ್ನಿ. ಅದನ್ನೇ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದರೆ ಆಕಾಶದಿಂದ ಸಿಗುವುದು 4,000ದ ಆಸುಪಾಸು. ಯಾವ ದಿಕ್ಕಿಗೆ ತಿರುಗಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ. ಕಿಟಕಿ ಎಂದರೆ ಹೀಗೆ ನೆಟ್ಟಗೆ ನಿಂತ ಮೀಟರೇ.

ಅದರ ಮೇಲೆ ನಮ್ಮ ಸೂರು. ಮಳೆಯ ಎರಚಲು ತಡೆಯಲು ಅದು ಇಳಿಬಿದ್ದಿರಲೇಬೇಕು, ಅದನ್ನು ಮೊಟಕುಗೊಳಿಸಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಅದು ಮರೆಮಾಡುವುದು ಆಕಾಶದ ಅತಿ ಪ್ರಖರ ಭಾಗವನ್ನೇ. ಉಳಿಯುವ ಕೆಳಗಿನ ಪಟ್ಟಿ, 15 ಡಿಗ್ರಿ ಎತ್ತರದಲ್ಲಿ, ನಡುನೆತ್ತಿಯ ಅರ್ಧದಷ್ಟು ಮಾತ್ರ ಬೆಳಗುತ್ತದೆ. ಎದುರಿಗೆ ಅಡಿಕೆ ತೋಟವಿದ್ದರೆ ಅದೂ ಇಲ್ಲ.

ಲೆಕ್ಕದ ಪುಸ್ತಕ ಇಲ್ಲಿ ದಾರಿ ತಪ್ಪಿಸುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ಅಧ್ಯಯನದಿಂದ ಬಂದ ಭಾರತೀಯ ವಿನ್ಯಾಸ ಆಕಾಶವು, ಎಂದರೆ ಕಿಟಕಿಯ ಲೆಕ್ಕಕ್ಕೆ ಮಾದರಿಯಾಗಿ ಹಿಡಿಯುವ ಆಕಾಶವು, ನಿರಭ್ರವಾದದ್ದು. ಸೂರ್ಯ 15 ಡಿಗ್ರಿ ಎತ್ತರದಲ್ಲಿದ್ದಾನೆಂದು ಅದು ಭಾವಿಸುತ್ತದೆ. ಸೂರ್ಯನಿಗೆ ವಿಮುಖವಾದ ಆ ಆಕಾಶದಲ್ಲಿ ದಿಗಂತವೇ ನೆತ್ತಿಗಿಂತ ಸುಮಾರು ನಾಲ್ಕು ಪಟ್ಟು ಪ್ರಖರ. ಬಿಸಿಲು ನಾಡಿಗೆ ಅದು ಒಪ್ಪುತ್ತದೆ. ಆಗುಂಬೆಯ ಜುಲೈಗೆ ಅದೇ ಲೆಕ್ಕದಲ್ಲಿ ಕಿಟಕಿ ಇಟ್ಟರೆ ಕೋಣೆ ಕತ್ತಲೆಯಾಗದೆ ಇನ್ನೇನಾದೀತು?

ಹಳೆಯ ಮನೆಗಳ ಗಾಜಿನ ಹೆಂಚನ್ನು ನಾನು ಇಷ್ಟು ಒತ್ತಾಯಿಸಿ ಹಾಕಿಸುವುದು ಇದಕ್ಕಾಗಿಯೇ. ಅದು ನೆತ್ತಿಯ ಆಕಾಶವನ್ನೇ ನೋಡುತ್ತದೆ. ಹೊರಗೋಡೆಯ ಬಳಿ ಕಿಟಕಿಯ ಬೆಳಕು ಸಾಕು. ಹೆಂಚು ಬೇಕಾದದ್ದು ಕೋಣೆಯ ಒಳಭಾಗದಲ್ಲಿ, ಒಲೆಯ ಕಟ್ಟೆಯ ಮೇಲೆ. ನಾಲ್ಕಾರು ಹೆಂಚುಗಳನ್ನು ಬಿಡಿಬಿಡಿಯಾಗಿ ಕೂರಿಸಿ. ಒಂದೇ ಕಡೆ ಗುಂಪಾಗಿ ಹಾಕಿದರೆ ಏಪ್ರಿಲ್ ಕೊನೆಗೆ, ಸೂರ್ಯ ನಡುನೆತ್ತಿಗೆ ಬಂದಾಗ, ಅಲ್ಲಿ ನಿಲ್ಲಲಾಗದು. ಅಟ್ಟವಿರುವ ಕೋಣೆಗೆ ಈ ಉಪಾಯ ನಡೆಯದು. ಅಲ್ಲಿ ಅಟ್ಟದ ಹಲಗೆ ಕತ್ತರಿಸಿ ಬೆಳಕಿಗೆ ದಾರಿ ಬಿಡಬೇಕು. ಹೆಂಚಿನ ಪಾಚಿಯನ್ನು ಮೇ ತಿಂಗಳಲ್ಲೇ ಉಜ್ಜಿ ತೊಳೆಸಿ, ಮಳೆ ಹಿಡಿದ ಮೇಲೆ ಮಾಡು ಹತ್ತುವುದು ಅಪಾಯ.