ಕಡ್ಡಿ ಹತ್ತಲಿಲ್ಲ, ಜಗಳ ಹತ್ತಿಕೊಂಡಿತು

1908ರ ಸೆಪ್ಟೆಂಬರ್ 2. ಪೆರು ದೇಶದ ಹುವಾಸ್ಕರಾನ್ ಪರ್ವತದ ಉತ್ತರ ಶಿಖರದ ತುದಿ ಇನ್ನೇನು ಸಿಕ್ಕಿತು ಅನ್ನುವಾಗ 57 ವರ್ಷದ ಅಮೆರಿಕನ್ ಪರ್ವತಾರೋಹಿ ಆನಿ ಸ್ಮಿತ್ ಪೆಕ್ ಅಲ್ಲೇ ನಿಂತು ನೀರು ಕುದಿಸೋಕೆ ಒದ್ದಾಡುತ್ತಿದ್ದರು. ಟೀಗಲ್ಲ, ಎತ್ತರ ಅಳೆಯೋಕೆ.

ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ ಆಗುತ್ತೆ, ನೀರು ಕಡಿಮೆ ಬಿಸಿಗೇ ಕುದಿಯುತ್ತೆ. ಸುಮಾರು 300 ಮೀಟರ್‌ಗೆ ಒಂದು ಡಿಗ್ರಿ ಇಳಿಕೆ ಅಂತ ಇಟ್ಕೊಳ್ಳಿ. ಹುವಾಸ್ಕರಾನ್ ತುದಿಯಲ್ಲಿ 78 ಡಿಗ್ರಿಯ ಆಸುಪಾಸಿಗೇ ಕುದಿ ಬರುತ್ತೆ. ಅದನ್ನು ಅಳೆಯುವ ಸಾಧನವೇ ಹಿಪ್ಸೋಮೀಟರ್. ಆದರೆ ಆ ಬಿರುಗಾಳಿಗೆ ಒಂದಾದ ಮೇಲೊಂದು ಕಡ್ಡಿ ಆರಿಹೋಯಿತೇ ಹೊರತು ದೀಪ ಹತ್ತಲಿಲ್ಲ. ಇವರು ಕಡ್ಡಿ ಗೀರುತ್ತಿದ್ದಾಗ ಗೈಡ್ ರುಡಾಲ್ಫ್ ಟೌಗ್ವಾಲ್ಡರ್ ಸುಮ್ನೆ ತುದಿಗೆ ಹೋಗಿ ಬಂದುಬಿಟ್ಟ! ಪೆಕ್‌ಗೆ ಸಿಟ್ಟು ಬರದೇ ಇರುತ್ತಾ? ಆದರೆ ಆ ಚಳಿಗೆ ಹೆಚ್ಚು ಬೆಲೆ ತೆತ್ತವನೂ ಅವನೇ. ಹಿಮಕಚ್ಚಿನಿಂದ ಒಂದು ಕೈಯ ಬಹುಭಾಗ, ಅರ್ಧ ಪಾದ ಹೋಯಿತು. ಈ ಕಥೆ ಹೇಳುವವರು ಅವನ ಹೆಸರನ್ನು ಮರೆಯೋದೇ ಜಾಸ್ತಿ.

ಆಮೇಲೆ ಪೆಕ್ ಕೂಡ ತುದಿ ಮುಟ್ಟಿದರು. ಆದರೆ ಅಳತೆ ಸಿಗಲಿಲ್ಲ, ಹಾಗಾಗಿ ಅಂದಾಜು. 24,000 ಅಡಿ ಇರಬಹುದು ಅಂದರು ಪೆಕ್. ಅಷ್ಟಿದ್ದರೆ ಹೆಂಗಸರ ಎತ್ತರದ ದಾಖಲೆ ಅವರದ್ದೇ.

ಆಗ ಆ ದಾಖಲೆ ಇದ್ದದ್ದು ಇನ್ನೊಬ್ಬ ಅಮೆರಿಕನ್ ಹೆಂಗಸು ಫ್ಯಾನಿ ಬುಲಕ್ ವರ್ಕ್‌ಮನ್ ಹೆಸರಲ್ಲಿ. 1906ರಲ್ಲಿ, 47ನೇ ವಯಸ್ಸಿಗೆ, ಲಡಾಖ್‌ನ ನುನ್ ಕುನ್ ಗುಂಪಿನ ಪಿನಾಕಲ್ ಪೀಕ್ ಹತ್ತಿದ್ದರು. ಉದ್ದ ಸ್ಕರ್ಟ್‌ನಲ್ಲೇ ಹತ್ತುವವರು, ದುಡ್ಡಿಗೇನೂ ಕೊರತೆ ಇರಲಿಲ್ಲ. ಪೆಕ್ ಹಾಗಲ್ಲ. ಪಾಠ ಹೇಳಿ, ಭಾಷಣ ಮಾಡಿ, ಅವರಿವರ ಹತ್ತಿರ ಕೇಳಿ ಹಣ ಹೊಂದಿಸಬೇಕಿತ್ತು. 1895ರಲ್ಲಿ ಪ್ಯಾಂಟ್ ಹಾಕಿಕೊಂಡು ಮ್ಯಾಟರ್‌ಹಾರ್ನ್ ಹತ್ತಿದ್ದಕ್ಕೆ ಜನ ಬಾಯಿಗೆ ಬಂದ ಹಾಗೆ ಮಾತಾಡಿದ್ದರು.

ಫ್ಯಾನಿ ಸುಮ್ಮನಿರಲಿಲ್ಲ. ಸುಮಾರು 13,000 ಡಾಲರ್ ಖರ್ಚು ಮಾಡಿ ಫ್ರೆಂಚ್ ಸರ್ವೇಯರ್‌ಗಳನ್ನು ಪೆರುವಿಗೇ ಕಳಿಸಿದರು. ಹಟ ಅಂದ್ರೆ ಇದು, ಅಲ್ವಾ? ಆ ಸರ್ವೇಯರ್‌ಗಳು ಬೆಟ್ಟ ಹತ್ತಲೇ ಇಲ್ಲ. ನೆಲದ ಮೇಲೆ ಅಳತೆ ಗೊತ್ತಿರುವ ಒಂದು ಗೆರೆ, ಅದರ ಎರಡೂ ತುದಿಯಿಂದ ಶಿಖರಕ್ಕೆ ಕೋನ, ಬೆಳಕು ಗಾಳಿಯಲ್ಲಿ ಬಾಗುವುದಕ್ಕೆ ಒಂದಿಷ್ಟು ತಿದ್ದುಪಡಿ, ಉಳಿದದ್ದು ತ್ರಿಕೋನದ ಲೆಕ್ಕ. ಉತ್ತರ ಬಂತು: 21,812 ಅಡಿ. ಪೆಕ್ ಅಂದಾಜಿಗಿಂತ 2,000 ಅಡಿಗೂ ಕಡಿಮೆ. ಹಿಪ್ಸೋಮೀಟರಿನ ಲೆಕ್ಕದಲ್ಲಿ ಅದು ಬರೀ ಎರಡು ಡಿಗ್ರಿಯ ಮಾತು.

ಪೆಕ್ ತಿರುಗೇಟು ಕೊಟ್ಟರು. ನನಗೆ ಇನ್ನೊಂದು ಸಾವಿರ ಡಾಲರ್ ಸಿಕ್ಕಿದ್ದರೆ ಆ ಸರ್ವೇ ನಾನೇ ಮಾಡಿಸ್ತಿದ್ದೆ ಅನ್ನುವ ಧಾಟಿಯಲ್ಲಿ. ನನಗಂತೂ ಅವರ ಮಾತು ನ್ಯಾಯ ಅನಿಸುತ್ತೆ.

ತಮಾಷೆ ಏನಂದ್ರೆ ಫ್ಯಾನಿ ಲೆಕ್ಕವೂ ಪಕ್ಕಾ ಅಲ್ಲ. ಪಿನಾಕಲ್ ಪೀಕ್ 23,300 ಅಡಿ ಅಂದಿದ್ದರು, ಅಂದರೆ ಸುಮಾರು 7,100 ಮೀಟರ್. ಇವತ್ತಿನ ಅಳತೆ 6,930. ಆದರೂ ಹುವಾಸ್ಕರಾನ್ ಉತ್ತರ ಶಿಖರಕ್ಕಿಂತ ಜಾಸ್ತಿಯೇ, ಹಾಗಾಗಿ ದಾಖಲೆ ಅವರ ಹತ್ತಿರವೇ ಉಳಿಯಿತು. ಮುರಿದದ್ದು 1934ರಲ್ಲಿ, ಕಾರಕೋರಂನ ಸಿಯಾ ಕಾಂಗ್ರಿಯಲ್ಲಿ ಹೆಟ್ಟಿ ಡೈರೆನ್‌ಫರ್ತ್.