ನಡುವೆ ಕೂತವರನ್ನೇ ನೋಡಬೇಡಿ

ನಮ್ಮ ಡೇರಿಗಳ ಜರ್ಸಿ ಹಸುವಿನ ಮೂಲ ಊರು ಇಂಗ್ಲೆಂಡ್-ಫ್ರಾನ್ಸ್ ನಡುವಿನ ಜರ್ಸಿ ದ್ವೀಪ. ಅಲ್ಲಿ ಕುಟುಂಬದ ಆಸ್ತಿಯನ್ನು ಟ್ರಸ್ಟಿನಲ್ಲಿಟ್ಟು, ಆಮೇಲೆ ಜಗಳವಾಡಿಕೊಂಡು ಲಂಡನ್ನಿನ ನನ್ನ ಕಚೇರಿಗೆ ಬರುವವರಲ್ಲಿ ಕನ್ನಡದವರೂ ಇದ್ದಾರೆ. ಬಂದವರು ಕೇಳುವುದು ಒಂದೇ: "ಅಲ್ಲಿನ ಬೇಲಿಫ್ ಹೇಗೆ? ಅವರ ಕಿವಿಗೆ ಒಂದು ಮಾತು ಹಾಕಬಹುದಾ?"

ಆಸೆ ಯಾಕೆ ಹುಟ್ಟುತ್ತದೆ ಅಂತ ಗೊತ್ತು. ಸುಮಾರು 118 ಚದರ ಕಿ.ಮೀ. ನೆಲ, ಒಂದು ಲಕ್ಷ ಚಿಲ್ಲರೆ ಜನ. ಬೇಲಿಫ್ ರಾಯಲ್ ಕೋರ್ಟಿನ ಮುಖ್ಯ ನ್ಯಾಯಾಧೀಶರು, ಶಾಸನಸಭೆಯ ಅಧ್ಯಕ್ಷರೂ ಹೌದು. (ಸಭೆಯಲ್ಲಿ ಅವರಿಗೆ ಮತವಿಲ್ಲ, ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ.) ಇಂಥವರು ಮನಸ್ಸು ಮಾಡಿದರೆ ಮುಗೀತು, ಅಲ್ವಾ?

ಅಲ್ಲ. ಸಾಮಾನ್ಯವಾಗಿ ವಿಚಾರಣೆಗೆ ಮೂವರು ಕೂರುತ್ತಾರೆ. ನಡುವೆ ಬೇಲಿಫ್, ಅಕ್ಕಪಕ್ಕ ಇಬ್ಬರು ಜೂರಾಟ್‌ಗಳು. ಕಾನೂನು ಏನು ಹೇಳುತ್ತದೆ ಅನ್ನುವುದು ಬೇಲಿಫ್ ಕೆಲಸ. ನಡೆದದ್ದೇನು, ಯಾರ ಮಾತು ನಂಬಬೇಕು ಅನ್ನುವುದು ಜೂರಾಟ್‌ಗಳ ಕೆಲಸ. ಇನ್ನೊಮ್ಮೆ ಹೇಳುತ್ತೇನೆ: ನಿಮ್ಮ ತಮ್ಮ ಸುಳ್ಳು ಹೇಳಿದನೋ ಇಲ್ಲವೋ ಅಂತ ತೀರ್ಮಾನಿಸುವುದು ನಡುವಿನವರಲ್ಲ. ಜೂರಾಟ್‌ಗಳಿಬ್ಬರೂ ಬೇರೆ ಬೇರೆ ಹೇಳಿದರೆ ಮಾತ್ರ ಅವರು ಒಂದು ಕಡೆ ವಾಲಬಹುದು. ಜೂರಾಟ್ ಆಗಲು ಕಾನೂನು ಓದಿರಬೇಕಿಲ್ಲ. ಇಡೀ ದ್ವೀಪಕ್ಕೆ 12 ಜನ. ಬರೀ ಕಾನೂನಿನ ಪ್ರಶ್ನೆಯಾದರೆ ಲೆಕ್ಕ ಬೇರೆ, ಅದನ್ನು ಜರ್ಸಿಯ ನಿಮ್ಮ ವಕೀಲರೇ ಹೇಳಲಿ.

ನಿವೃತ್ತ ಡಾಕ್ಟರೊಬ್ಬರು ಬೇಲಿಫರಿಗೆ ಉದ್ದನೆಯ ಪತ್ರ ಬರೆದು ತಂದಿದ್ದರು. ತಾಯಿಯ ಒಡವೆಯಿಂದ ಹಿಡಿದು ತಮ್ಮನ ಮದುವೆ ಊಟದವರೆಗೆ ಎಲ್ಲ ಇತ್ತು. ಪಾಪ, ಬರೆದದ್ದು ಚೆನ್ನಾಗಿಯೇ ಇತ್ತು. ಇದನ್ನು ಕಳಿಸಿದರೆ ಎದುರು ಪಾರ್ಟಿಗೂ ಪ್ರತಿ ಹೋಗುತ್ತದೆ, ಉಪಯೋಗ ಅವರಿಗೇ ಜಾಸ್ತಿ ಅಂತ ವಿವರಿಸಿದೆ. ಜೂರಾಟ್‌ಗಳ ವಿಷಯವನ್ನೂ ಹೇಳಿದೆ. ಗಮನವಿಟ್ಟು ಕೇಳಿದರು. "ಸರಿ ಬಿಡಿ ವಕೀಲ್ರೇ, ಆ ಜೂರಾಟ್‌ಗಳ ಪರಿಚಯ ಯಾರಿಗಿದೆ ಹೇಳಿ" ಅಂದರು!

ಊರು ಚಿಕ್ಕದಾದಷ್ಟೂ ಕೋರ್ಟು ಈ ವಿಷಯದಲ್ಲಿ ಹುಷಾರಾಗಿರುತ್ತದೆ. ಪಕ್ಕದ ಗರ್ನ್ಸಿ ದ್ವೀಪದ ಕತೆಯೇ ಇದೆ. ಅಲ್ಲಿನ ಒಬ್ಬ ಬೇಲಿಫ್, ತಾವೇ ಹಿಂದೆ ಅಧ್ಯಕ್ಷತೆ ವಹಿಸಿದ್ದ ಶಾಸನಸಭೆ ಒಪ್ಪಿದ ಭೂಬಳಕೆ ಯೋಜನೆಯ ಮೇಲಿನ ಕೇಸಿನಲ್ಲಿ ನ್ಯಾಯಾಧೀಶರಾಗಿ ಕೂತರು. ಅವರು ಪಕ್ಷಪಾತ ಮಾಡಿದರು ಅಂತ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಹೇಳಲಿಲ್ಲ. ಅನುಮಾನಕ್ಕೆ ಜಾಗವಾಯಿತು, ಅಷ್ಟೇ ಸಾಕು ಅಂತ 2000ದಲ್ಲಿ ತೀರ್ಪು ಕೊಟ್ಟಿತು. ಹಾಗಾಗಿ ಪರಿಚಯ ಹುಡುಕಿಕೊಂಡು ಹೋದರೆ ಪರಿಚಯದವರೇ ಕೇಸಿನಿಂದ ಹಿಂದೆ ಸರಿಯಬೇಕಾದೀತು. ನಿಮ್ಮ ಕೇಸಿಗೆ ಬೇಲಿಫ್ ಬದಲು ಡೆಪ್ಯುಟಿ ಬೇಲಿಫ್ ಅಥವಾ ಕಮಿಷನರ್ (ತಾತ್ಕಾಲಿಕ ನ್ಯಾಯಾಧೀಶರು) ಕೂರುವುದೂ ಉಂಟು.

ಮೇಲ್ಮನವಿ ಇದೆ, ಕೊನೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ಲೂ ಇದೆ. ಆದರೆ ಜೂರಾಟ್‌ಗಳು ನಂಬಿದ ಸಂಗತಿಯನ್ನು ಮೇಲಿನವರು ಸುಲಭವಾಗಿ ಮುಟ್ಟುವುದಿಲ್ಲ. ಅದಕ್ಕೇ ಪತ್ರ ಬರೆಯುವ ಬದಲು ಆ ಹೊತ್ತಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟು, ಹಳೆಯ ಇಮೇಲು, ಟ್ರಸ್ಟ್ ಡೀಡಿನ ಸಹಿ ಮಾಡಿದ ಪ್ರತಿ ಹುಡುಕಿಡಿ. ಬರುವಾಗ ಎಲ್ಲವನ್ನೂ ತನ್ನಿ, ನಿಮಗೆ ವಿರುದ್ಧವಾಗಿರುವುದನ್ನೂ.